ಮಡಿಸಿದ ಚೀಟಿ

ಬುಡೇನ್ ಸಾಬರು ಶೀಸೆಯನ್ನು ಮಂಡಕ್ಕಿ ಕವರಿನಲ್ಲಿ ಸುತ್ತಿ ತರುತ್ತಾರೆ,
ಸಿಟಿ ಬಸ್ಸಿನಲ್ಲಿ ಯಾರೂ ನೋಡಬಾರದು ಅಂತ.
ಕೌಂಟರಿನ ಮೇಲಿಟ್ಟು ಗೋಡೆ ಕಡೆ ತಿರುಗುತ್ತಾರೆ.
ಮೂತ್ರ ಅನ್ನುವುದಿಲ್ಲ, ಉಚ್ಚೆ ಅನ್ನುವುದಿಲ್ಲ,
"ಸರಕು ತಂದೀನಿ ಬೇಟಿ."

ಮೊದಲ ಸಲ ಡಾಕ್ಟರು ಕೇಳಿದ್ದರು: ಕೆಂಪಗೆ ಹೋಗ್ತಿತ್ತಾ?
"ಯಾವ ಕೆಂಪು ಸಾರ್?
ಶುರುವಿಗೆ ಮೂರನೇ ತೊಳಪಿನ ನೀರಿನಂಗಿತ್ತು.
ಆಮೇಲೆ ಎರಡನೇದು.
ಹೋದ ಶುಕ್ರವಾರ ನಮಾಜಿಗೆ ಹೊರಡೋ ಮುಂಚೆ ನೋಡಿದ್ರೆ
ತೊಟ್ಟಿಯಿಂದ ಆಗ ಎತ್ತಿದ ನೂಲು."

ಇಪ್ಪತ್ತಾರು ವರ್ಷ ದಾವಣಗೆರೆಯ ಮಿಲ್ಲೊಂದರ ಬಣ್ಣದ ಖಾತೆ.
ಮೊಣಕೈವರೆಗೆ ಅದ್ದಿ ಅದ್ದಿ
ಮದುವೆಯ ದಿನವೂ ನೀಲಿ ಉಗುರು.
ಮಿಲ್ಲು ಮುಚ್ಚಿದ ಆರನೇ ತಿಂಗಳಿಗೆ ಕೈ ಬೆಳ್ಳಗಾಯಿತಂತೆ.
ಒಳಗಿನ ಗೋಡೆ ಆಗಲಿಲ್ಲ.
ಕುಡಿದ ನೀರೆಲ್ಲ ತಾಸುಗಟ್ಟಲೆ ತಂಗುವ ಜಾಗ ಅದು,
ಬಣ್ಣ ಸೋಸಿ ಬಂದು ಅಲ್ಲೇ ಕಾಯುತ್ತಿತ್ತು.

ನನ್ನ ಕೆಲಸ ತಿರುಗಿಸುವುದು.
ಭಾರದ ಕೋಶಗಳು ಮೊದಲು ತಳ ಸೇರುತ್ತವೆ,
ಹಿಂದೆಯೇ ಒಡೆದ ಚೂರುಪಾರು.
ನಮ್ಮ ಯಂತ್ರಕ್ಕೆ ಅಲ್ಲಿಗೇ ಸುಸ್ತು.
ಮೇಲಿನ ತಿಳಿಯನ್ನು ಮಂಜುಗಡ್ಡೆಯಲ್ಲಿ ಹೂತು
ರಾತ್ರಿ ರೈಲಿಗೆ ಹಾಕುತ್ತೇವೆ,
ದೊಡ್ಡ ಯಂತ್ರ ಇರುವ ಊರಿಗೆ.

"ತಿಳೀಲಿ ಏನೈತಿ ಅಂತ ರೈಲು ಹತ್ತಿಸ್ತೀರಿ?"

ಎಕ್ಸೋಸೋಮು, ಅಂದೆ.
ಒಂದು ಕೂದಲಿನ ದಪ್ಪಕ್ಕೆ ಎಂಟುನೂರು ಸಾಲಾಗಿ ಕೂರುವಂಥ ಪುಟ್ಟ ಚೀಲ.
ಒಂದು ಕೋಶ ಇನ್ನೊಂದಕ್ಕೆ ಬರೆದು, ಮಡಿಸಿ, ಹೊರಗೆ ತಳ್ಳುವ ಚೀಟಿ.
ಒಳ್ಳೆಯ ಕೋಶವೂ ಬರೆಯುತ್ತದೆ, ಕ್ಷೇಮ ಸಮಾಚಾರ.
ಗಡ್ಡೆಯ ಕೋಶಕ್ಕೆ ಮಾತ್ರ ಬರೆಯುವ ಚಟ.
ಪಕ್ಕದಲ್ಲಿ ಸುಮ್ಮನಿದ್ದವರು ಓದಿ
ಅದರ ಪರ ಕೆಲಸಕ್ಕೆ ನಿಲ್ಲುತ್ತಾರೆ.
ಕಾವಲಿನ ಬಿಳಿ ಕಣಗಳು ಓದಿ ತೂಕಡಿಸುತ್ತವೆ.
ರಕ್ತನಾಳ ತನ್ನ ಮನೆ ಬಿಟ್ಟು
ಅದರ ಬಾಗಿಲವರೆಗೆ ರಸ್ತೆ ಎಳೆಯುತ್ತದೆ.
ದೂರದ ಶ್ವಾಸಕೋಶದಲ್ಲಿ, ಗಡ್ಡೆ ಇನ್ನೂ ಕಾಲಿಟ್ಟಿರುವುದಿಲ್ಲ,
ಯಾರೋ ಹಾಸಿಗೆ ಕೊಡವುತ್ತಿರುತ್ತಾರೆ.

ಸಾಬರು ಬಹಳ ಹೊತ್ತು ಸುಮ್ಮನಿದ್ದರು.
ಹೊರಗೆ ಯಾರದೋ ಹೆಸರು ಎರಡು ಸಲ ಕೂಗಿದರು.

"ನಾವೂ ಹಿಂಗೇ ಮಾಡಿದ್ವಿ.
ಸ್ಟ್ರೈಕಿನ ಟೈಮು.
ಟಿಫನ್ ಡಬ್ಬೀಲಿ ಚೀಟಿ.
ನಮ್ಮ ಲೀಡರು ಗೇಟಿಗೆ ಬರೋ ಹೊತ್ತಿಗೆ
ನೂಲಿನ ಖಾತೆ ನಿಂತಿತ್ತು, ನೇಯೋ ಖಾತೆ ನಿಂತಿತ್ತು,
ಬಾಯ್ಲರಿನ ತಿಪ್ಪಣ್ಣ ಬೀಡಿ ಹಚ್ಕೊಂಡು ಕೂತಿದ್ದ.
ಒಬ್ಬರೂ ಕೂಗಿರಲಿಲ್ಲ.
ನಮ್ಮ ಚೀಟೀಲಿ ಇದ್ದದ್ದು ಕೂಲಿ ಲೆಕ್ಕ.
ಇದರಾಗೆ ಏನು ಬರೆದಿರ್ತೈತಿ?"

ಪೂರ್ತಿ ಓದಲು ಯಾರಿಗೂ ಬಂದಿಲ್ಲ ಸಾಬ್ರೇ.
ಗೊತ್ತಾದಷ್ಟು: ಬೆಳೆ. ದಾರಿ ಬಿಡು. ಸಾಯಬೇಡ.

"ಸಾಯಬೇಡ ಅನ್ನೋದು
ಕೆಟ್ಟ ಮಾತಲ್ಲವಲ್ಲ ಬೇಟಿ."

ನಾನು ಲೇಬಲ್ಲಿನ ಮೇಲೆ ತಾರೀಕು ಬರೆಯತೊಡಗಿದೆ.
ಮೂತ್ರಕೋಶ, ಅದರೊಳಗೆ ಕೋಶ:
ಖಜಾನೆಗೂ ಇದೇ ಹೆಸರು, ಪದಗಳ ಪುಸ್ತಕಕ್ಕೂ.
ಯಾವುದನ್ನು ಕಾಯುತ್ತಿದ್ದೇನೆ,
ಯಾವುದನ್ನು ತೆರೆಯುತ್ತಿದ್ದೇನೆ, ಆ ಗಳಿಗೆ ತಿಳಿಯಲಿಲ್ಲ.

ಕೆರೆದು ತೆಗೆದು ಹದಿನಾಲ್ಕು ತಿಂಗಳಾಯಿತು.
ಮೂರು ತಿಂಗಳಿಗೊಮ್ಮೆ ಕೊಳವೆ ಇಳಿಸಿ ನೋಡುತ್ತಾರೆ,
ಆ ಹಿಂದಿನ ರಾತ್ರಿ ಅವರು ಮಲಗುವುದಿಲ್ಲ.
ಚೀಟಿ ಮೊದಲೇ ಸಿಕ್ಕರೆ
ಒಂದೆರಡು ಸಲವಾದರೂ ಕೊಳವೆ ತಪ್ಪಿಸಬಹುದೇನೋ.
ಆಗಲೇಬೇಕೆಂದಿಲ್ಲ, ನೋಡುತ್ತಿದ್ದಾರೆ ಅಂದೆ.

"ಹಂಗಾದ್ರೆ ನೀನು ಗೇಟಿನ ವಾಚ್‌ಮನ್ನು."
ಹೂಂ.
ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು,
ಮೇಲಿನ ಸಾಲಿನಲ್ಲಿ ಎರಡು ಹಲ್ಲಿಲ್ಲ.
"ನಮ್ಮ ವಾಚ್‌ಮನ್ ದಿನಾ ರೊಟ್ಟಿ ಎತ್ತಿ ಕೆಳಗೆ ನೋಡ್ತಿದ್ದ.
ಪಾಪ, ಒಳ್ಳೇ ಮನುಷ್ಯ.
ನಾವು ಇಡ್ತಿದ್ದದ್ದು ಮುಚ್ಚಳದ ಒಳಮೈಗೆ, ಅನ್ನದ ಗಂಜಿ ಹಚ್ಚಿ.
ಅಲ್ಲಿ ನೋಡು."

ಖಾಲಿ ಕವರನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ
ಜೇಬಿಗಿಟ್ಟುಕೊಂಡು ಹೋದರು.